ಕಪ್ಪು ವಿಂಡೋ: ಡೆಪ್ತ್ ಫ್ರೇಮ್ ಓಪನ್‌ಸಿವಿಯಲ್ಲಿ ಕಾಣದಿದ್ದಾಗ ಮಾಡಿದ ರಿಪೇರಿ

ಕೆಲಸ ಇಷ್ಟು. ಡೆಪ್ತ್ ಕ್ಯಾಮೆರಾದಿಂದ ಬರುವ ಫ್ರೇಮ್‌ಗಳನ್ನು ನೇರವಾಗಿ ತೋರಿಸುವ ಒಂದು ಚಿಕ್ಕ ವ್ಯೂವರ್ ಬೇಕು. ಪೈಥಾನ್, ಸಂಖ್ಯೆಗಳ ಅರೇಗೆ (ಪಟ್ಟಿಗೆ) ನಮ್‌ಪೈ, ಚಿತ್ರಗಳ ಕೆಲಸಕ್ಕೆ ಓಪನ್‌ಸಿವಿ ಲೈಬ್ರರಿ ಇವೆ. ಕೊನೆಗೆ ಅದನ್ನು ಒಂದು ಕ್ಯೂಟಿ (ವಿಂಡೋ, ಬಟನ್ ಕಟ್ಟುವ ಲೈಬ್ರರಿ) ವಿಂಡೋ ಒಳಗೆ ಕೂರಿಸಬೇಕು. ಕ್ಯಾಮೆರಾ ಪ್ರತಿ ಪಿಕ್ಸೆಲ್‌ಗೂ ದೂರವನ್ನು ಮಿಲಿಮೀಟರ್‌ನಲ್ಲಿ ಕೊಡುತ್ತದೆ. ಅದು ಚಿಹ್ನೆ ಇಲ್ಲದ 16 ಬಿಟ್ ಸಂಖ್ಯೆ. ಅಗಲ 640, ಎತ್ತರ 480. ದೂರ ಸಿಗದ ಕಡೆ ಸೊನ್ನೆ.

ತೊಂದರೆ ಏನೆಂದರೆ, ಫ್ರೇಮನ್ನು ಚಿತ್ರ ತೋರಿಸುವ ಓಪನ್‌ಸಿವಿಯ ಇಮ್‌ಶೋ ಫಂಕ್ಷನ್‌ಗೆ ಕೊಟ್ಟರೆ ವಿಂಡೋ ಪೂರ್ತಿ ಕಪ್ಪು. ಎರರ್ ಇಲ್ಲ, ವಾರ್ನಿಂಗ್ ಕೂಡ ಇಲ್ಲ. ಅದೇ ಫ್ರೇಮನ್ನು ನೋಟ್‌ಬುಕ್‌ನಲ್ಲಿ ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಗ್ರಾಫ್ ಬಿಡಿಸುವ ಲೈಬ್ರರಿಗೆ ಕೊಟ್ಟರೆ ಕುರ್ಚಿ, ಮೇಜು, ಹಿಂದಿನ ಗೋಡೆ ಎಲ್ಲ ಸ್ಪಷ್ಟವಾಗಿ ಕಾಣುತ್ತವೆ. ಎರಡು ಕಡೆಯೂ ಫಂಕ್ಷನ್ ಹೆಸರು ಒಂದೇ, ಕೊಟ್ಟ ಅರೇ ಕೂಡ ಒಂದೇ. ಕಾಣುವುದು ಮಾತ್ರ ಬೇರೆ ಬೇರೆ.

ಇಂಥ ಕಡೆ ಕೈ ಮೊದಲು ಹೋಗುವುದು ಬಣ್ಣ ಬದಲಿಸಲು, ಬ್ರೈಟ್‌ನೆಸ್ ಏರಿಸಲು, ಡ್ರೈವರ್ ಮತ್ತೆ ಹಾಕಲು. ಹಾಗೆ ಮಾಡಿದರೆ ಚಿತ್ರ ಹೇಗೋ ಕಾಣಿಸಿಕೊಳ್ಳಬಹುದು. ಆದರೆ ಬಗ್ ಎಲ್ಲಿತ್ತು ಎಂದು ಗೊತ್ತಾಗುವುದಿಲ್ಲ. ಡೆಪ್ತ್ ಚಿತ್ರದಲ್ಲಿ ಅದು ಅಪಾಯ, ಏಕೆಂದರೆ ಇಲ್ಲಿ ಪ್ರತಿ ಪಿಕ್ಸೆಲ್ಲೂ ಒಂದು ಅಳತೆ. ಹಾಗಾಗಿ ವಿಂಡೋವನ್ನು ಬಿಟ್ಟು ಸಂಖ್ಯೆಗಳನ್ನು ಕೇಳುವುದರಿಂದ ಶುರು ಮಾಡಿದೆ.

ಮೊದಲು ಒಂದು ಪುಟ್ಟ ಫಂಕ್ಷನ್

ಯಾವ ಅರೇ ಕೊಟ್ಟರೂ ಅದು ಆರು ವಿಷಯ ಪ್ರಿಂಟ್ ಮಾಡುತ್ತದೆ: ಶೇಪ್ (ಎತ್ತರ, ಅಗಲ), ಡಿಟೈಪ್ (ಸಂಖ್ಯೆಯ ಬಗೆ), ಅತಿ ಚಿಕ್ಕ ಬೆಲೆ, ಅತಿ ದೊಡ್ಡ ಬೆಲೆ, ಸ್ಟ್ರೈಡ್ಸ್ (ಒಂದು ಸಾಲಿನಿಂದ ಮುಂದಿನದಕ್ಕೆ, ಒಂದು ಪಿಕ್ಸೆಲ್‌ನಿಂದ ಮುಂದಿನದಕ್ಕೆ ಎಷ್ಟು ಬೈಟ್), ಮೆಮೊರಿಯಲ್ಲಿ ಒಂದೇ ಸಾಲಾಗಿ ಇದೆಯೇ ಇಲ್ಲವೇ. ಇಮ್‌ಶೋಗೆ ಹೋಗುವ ಮುನ್ನ ಪ್ರತಿ ಹಂತದಲ್ಲೂ ಇದನ್ನು ಒಮ್ಮೆ ಕರೆದೆ. ಮುಂದಿನ ರಿಪೇರಿಯೆಲ್ಲ ಈ ಫಂಕ್ಷನ್ ಮೇಲೆಯೇ ನಿಂತಿದೆ.

ಕ್ಯಾಮೆರಾದಿಂದ ನೇರವಾಗಿ ಬಂದ ಫ್ರೇಮ್ ಹೇಳಿದ್ದು: ಶೇಪ್ 480, 640. ಡಿಟೈಪ್ ಯುಇಂಟ್16, ಅಂದರೆ ಚಿಹ್ನೆ ಇಲ್ಲದ 16 ಬಿಟ್. ಚಿಕ್ಕದು 0, ದೊಡ್ಡದು ಸುಮಾರು 3500. ಅಂದರೆ ಗೋಡೆ ಮೂರೂವರೆ ಮೀಟರ್ ದೂರ. ಡೇಟಾ ಸರಿಯಾಗಿಯೇ ಇದೆ.

ಈಗ ಇಮ್‌ಶೋ ಏನು ಮಾಡುತ್ತದೆ ಎಂದು ಅದರ ದಾಖಲೆಯಲ್ಲಿ ಓದಬೇಕು. ಅಲ್ಲಿ ಸ್ಪಷ್ಟವಾಗಿ ಬರೆದಿದೆ. 8 ಬಿಟ್ ಚಿತ್ರ ಬಂದರೆ ಹಾಗೆಯೇ ತೋರಿಸುತ್ತದೆ. 16 ಬಿಟ್ ಬಂದರೆ ಪ್ರತಿ ಬೆಲೆಯನ್ನೂ 256ರಿಂದ ಭಾಗಿಸುತ್ತದೆ. ಫ್ಲೋಟ್ (ದಶಮಾಂಶ ಸಂಖ್ಯೆ) ಬಂದರೆ 255ರಿಂದ ಗುಣಿಸುತ್ತದೆ, ಅಂದರೆ ಬೆಲೆಗಳು 0ಯಿಂದ 1ರ ಒಳಗಿವೆ ಎಂದು ನಂಬುತ್ತದೆ.

3500ನ್ನು 256ರಿಂದ ಭಾಗಿಸಿದರೆ 14ರ ಹತ್ತಿರ. ಅರ್ಧ ಮೀಟರ್ ದೂರದ ಕುರ್ಚಿ 2. ಪರದೆಯ ಮೇಲೆ 2ಕ್ಕೂ 14ಕ್ಕೂ ಇರುವ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ, ಎರಡೂ ಕಪ್ಪೇ. ಈ ಲೆಕ್ಕದಲ್ಲಿ ಒಂದು ವಸ್ತು ಪೂರ್ತಿ ಬಿಳಿಯಾಗಿ ಕಾಣಬೇಕಾದರೆ ಅದು 65 ಮೀಟರ್ ದೂರದಲ್ಲಿರಬೇಕು! ಕೋಣೆಯೊಳಗಿನ ದೃಶ್ಯಕ್ಕೆ ಅದು ಎಂದಿಗೂ ಆಗದ ಮಾತು.

ನೋಟ್‌ಬುಕ್‌ನಲ್ಲಿ ಯಾಕೆ ಚೆನ್ನಾಗಿ ಕಂಡಿತು? ಮ್ಯಾಟ್‌ಪ್ಲಾಟ್‌ಲಿಬ್ ಎರಡು ಆಯಾಮದ ಅರೇ ಸಿಕ್ಕರೆ ಅದರ ಚಿಕ್ಕ ಬೆಲೆ, ದೊಡ್ಡ ಬೆಲೆ ತಾನೇ ಹುಡುಕುತ್ತದೆ. ಆ ನಡುವಿನ ಜಾಗವನ್ನು ಪೂರ್ತಿ ಬಣ್ಣದ ಪಟ್ಟಿಗೆ ಹಿಗ್ಗಿಸುತ್ತದೆ. 2017ರ 2.0 ಆವೃತ್ತಿಯಿಂದ ಆ ಪಟ್ಟಿ ವಿರಿಡಿಸ್. ಅಂದರೆ ಎರಡು ಲೈಬ್ರರಿಗಳೂ ಚಿತ್ರವನ್ನು ಬದಲಿಸಿಯೇ ತೋರಿಸುತ್ತವೆ. ಒಂದು ಡೇಟಾ ನೋಡಿಕೊಂಡು ಬದಲಿಸುತ್ತದೆ, ಇನ್ನೊಂದು ಡಿಟೈಪ್ ಮಾತ್ರ ನೋಡಿ ಬದಲಿಸುತ್ತದೆ. ಯಾವುದೂ ತಪ್ಪಲ್ಲ. ಆದರೆ ಈ ವ್ಯತ್ಯಾಸ ಗೊತ್ತಿಲ್ಲದಿದ್ದರೆ "ಅಲ್ಲಿ ಕಾಣುತ್ತದೆ, ಇಲ್ಲಿ ಕಾಣಲ್ಲ" ಎಂಬ ಗೋಜಲಿಗೆ ಕೊನೆಯೇ ಇರುವುದಿಲ್ಲ.

ಅದೇ ಕಪ್ಪು, ಬೇರೆ ಕಾರಣ

ಲೈವ್ ಫ್ರೇಮ್ ಜೊತೆ ಡಿಸ್ಕ್‌ನಲ್ಲಿ ಉಳಿಸಿದ ಪಿಎನ್‌ಜಿ ಫೈಲ್‌ಗಳೂ ಇದ್ದವು. ಅವೂ ಕಪ್ಪಾಗಿಯೇ ಕಂಡವು. ಕಾರಣ ಒಂದೇ ಎಂದು ಮುಂದೆ ಹೋಗಿಬಿಡುವುದು ಸುಲಭ. ಆದರೆ ಫೈಲ್ ಓದುವ ಓಪನ್‌ಸಿವಿಯ ಇಮ್‌ರೀಡ್ ಫಂಕ್ಷನ್ ಕೊಟ್ಟ ಅರೇಗೆ ಆ ಪುಟ್ಟ ಫಂಕ್ಷನ್ ಹಾಕಿದಾಗ ಬಂದ ಉತ್ತರ ಬೇರೆ: ಶೇಪ್ 480, 640, 3. ಡಿಟೈಪ್ ಯುಇಂಟ್8. ದೊಡ್ಡ ಬೆಲೆ 13.

ಮೂರು ಚಾನೆಲ್, 8 ಬಿಟ್! ಇಮ್‌ರೀಡ್‌ಗೆ ಬೇರೇನೂ ಹೇಳದಿದ್ದರೆ ಅದು ಯಾವ ಫೈಲನ್ನಾದರೂ 8 ಬಿಟ್‌ನ ಮೂರು ಚಾನೆಲ್ ಬಣ್ಣದ ಚಿತ್ರವಾಗಿಯೇ ಓದುತ್ತದೆ. 16 ಬಿಟ್ ಪಿಎನ್‌ಜಿ ಆದರೆ ಪ್ರತಿ ಸಂಖ್ಯೆಯ ಮೇಲಿನ ಬೈಟ್ ಮಾತ್ರ ಉಳಿಯುತ್ತದೆ. 3500ರ ಮೇಲಿನ ಬೈಟ್ 13. 3328ರಿಂದ 3583ರವರೆಗಿನ ಎಲ್ಲ ಬೆಲೆಗೂ ಅದೇ 13. ಅಂದರೆ ಸುಮಾರು 25 ಸೆಂಟಿಮೀಟರ್ ದಪ್ಪದ ಪದರಗಳು ಉಳಿದವು, ಒಳಗಿನ ವಿವರವೆಲ್ಲ ಹೋಯಿತು.

ಇಲ್ಲಿ ವ್ಯತ್ಯಾಸ ಗಮನಿಸಬೇಕು. ಮೊದಲ ಪ್ರಕರಣದಲ್ಲಿ ಅರೇ ಒಳಗೆ ಡೇಟಾ ಪೂರ್ತಿ ಇತ್ತು, ತೋರಿಸುವಾಗ ಮಾತ್ರ ಕಳೆದುಹೋಯಿತು. ಎರಡನೆಯದರಲ್ಲಿ ಅರೇ ಒಳಗೇ ಇಲ್ಲ. ಇಂಥದ್ದಕ್ಕೆ ಬ್ರೈಟ್‌ನೆಸ್ ಏರಿಸಿದರೆ ಚಿತ್ರ ಕಾಣುತ್ತದೆ, ಆದರೆ ಮೆಟ್ಟಿಲು ಮೆಟ್ಟಿಲಾಗಿ. ಅದನ್ನು ನೋಡಿ ಕ್ಯಾಮೆರಾ ಕೆಟ್ಟಿದೆ ಎಂದುಕೊಳ್ಳುವ ಸಾಧ್ಯತೆ ಜಾಸ್ತಿ. ವಿಂಡೋದಲ್ಲಿ ಎರಡೂ ಕಪ್ಪೇ. ಬೇರೆ ಮಾಡಿ ತೋರಿಸಿದ್ದು ಡಿಟೈಪ್ ಒಂದೇ.

ರಿಪೇರಿ ಸರಳ. ಇಮ್‌ರೀಡ್‌ಗೆ ಎರಡನೇ ಆರ್ಗ್ಯುಮೆಂಟ್ ಆಗಿ ಇಮ್‌ರೀಡ್ ಅನ್‌ಚೇಂಜ್ಡ್ ಫ್ಲ್ಯಾಗ್ ಕೊಡಬೇಕು. ಆಗ ಯುಇಂಟ್16 ಹಾಗೆಯೇ ಬರುತ್ತದೆ. ಜೊತೆಗೆ ಇನ್ನೊಂದು ಸಾಲು ಸೇರಿಸಿದೆ: ಬಂದದ್ದು ನನ್ (None, ಅಂದರೆ ಏನೂ ಇಲ್ಲ) ಆಗಿದ್ದರೆ ಅಲ್ಲೇ ಫೈಲ್ ಹೆಸರು ಹೇಳಿ ನಿಲ್ಲಬೇಕು. ಫೈಲ್ ದಾರಿ ತಪ್ಪಿದ್ದರೂ ಇಮ್‌ರೀಡ್ ಎಕ್ಸೆಪ್ಶನ್ ಎಸೆಯುವುದಿಲ್ಲ, ಸುಮ್ನೆ ನನ್ ಕೊಡುತ್ತದೆ. ಮುಂದೆ ಇಮ್‌ಶೋ ಅಗಲ, ಎತ್ತರ ಸೊನ್ನೆಗಿಂತ ದೊಡ್ಡದಿರಬೇಕು ಎಂದು ದೂರುತ್ತದೆ. ಆ ದೂರು ಓದಿದರೆ ಫೈಲ್ ದಾರಿ ತಪ್ಪಿದೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಕಪ್ಪಿನಿಂದ ಬಿಳಿಗೆ

ಈಗ ಹಿಗ್ಗಿಸುವ ಕೆಲಸ. ನಾಲ್ಕು ಮೀಟರ್ ತನಕ ನೋಡಿದರೆ ಸಾಕು. ಹಾಗಾದರೆ ಡೆಪ್ತನ್ನು 4000ದಿಂದ ಭಾಗಿಸಿ 255ರಿಂದ ಗುಣಿಸುವುದು ಸಹಜ. ಹಾಗೆ ಮಾಡಿದ ಅರೇಯನ್ನು ಇಮ್‌ಶೋಗೆ ಕೊಟ್ಟರೆ ವಿಂಡೋ ಪೂರ್ತಿ ಬಿಳಿ. ಸೊನ್ನೆ ಇದ್ದ ಜಾಗ ಮಾತ್ರ ಕಪ್ಪು ಚುಕ್ಕೆಗಳಾಗಿ ಉಳಿಯುತ್ತದೆ.

ಫಂಕ್ಷನ್ ಹೇಳಿತು: ಡಿಟೈಪ್ ಫ್ಲೋಟ್64, ದೊಡ್ಡ ಬೆಲೆ 223. ನಮ್‌ಪೈಯಲ್ಲಿ ಪೂರ್ಣಾಂಕವನ್ನು ಓರೆಗೆರೆಯಿಂದ ಭಾಗಿಸಿದರೆ ಫಲಿತ ಫ್ಲೋಟ್ ಆಗಿಬಿಡುತ್ತದೆ. ಫ್ಲೋಟ್ ಕಂಡ ಇಮ್‌ಶೋ ಮತ್ತೆ 255ರಿಂದ ಗುಣಿಸುತ್ತದೆ. 1ರ ಮೇಲಿನದೆಲ್ಲ ಬಿಳಿ. ಲೆಕ್ಕ ಸರಿ, ಅಳತೆ ಸರಿ, ಡಿಟೈಪ್ ಮಾತ್ರ ಬೇರೆ. ಅಷ್ಟಕ್ಕೇ ಚಿತ್ರ ಮಾಯ.

ಆಸ್‌ಟೈಪ್ ಬಳಸಿ ಯುಇಂಟ್8ಕ್ಕೆ ತಿರುಗಿಸಿದರೆ ಕೊನೆಗೂ ಚಿತ್ರ ಬರುತ್ತದೆ. ಆದರೆ ಇಲ್ಲೊಂದು ಗುಂಡಿ ಇದೆ, ಅದು ಮೂರೂವರೆ ಮೀಟರ್‌ನ ಕೋಣೆಯಲ್ಲಿ ಕಾಣುವುದೇ ಇಲ್ಲ. ಕ್ಯಾಮೆರಾವನ್ನು ಬಾಗಿಲ ಕಡೆ ತಿರುಗಿಸಿದಾಗ 4 ಮೀಟರ್ ಆಚೆಯ ಗೋಡೆ ಥಟ್ಟನೆ ಕಪ್ಪಾಯಿತು. 4100ನ್ನು ಆ ಲೆಕ್ಕಕ್ಕೆ ಹಾಕಿದರೆ 261. 8 ಬಿಟ್‌ನಲ್ಲಿ 255ರ ಆಚೆ ಜಾಗವಿಲ್ಲ. ಆಸ್‌ಟೈಪ್ ಅಲ್ಲಿ ಮಿತಿಗೆ ನಿಲ್ಲಿಸುವುದಿಲ್ಲ. ಸಾಮಾನ್ಯವಾಗಿ ಸಂಖ್ಯೆ ಸುತ್ತು ಹೊಡೆದು 5 ಆಗುತ್ತದೆ. ಬಹಳ ದೂರದ ವಸ್ತು ಬಹಳ ಹತ್ತಿರದಂತೆ ಕಾಣುತ್ತದೆ. ಅಡ್ಡ ಬಂದ ವಸ್ತುವನ್ನು ಗುರುತಿಸುವ ಕೆಲಸಕ್ಕೆ ಈ ಚಿತ್ರ ಬಳಸಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಿ.

ಇದಕ್ಕೆ ಎರಡು ದಾರಿ. ಮೊದಲೇ ಕ್ಲಿಪ್ ಮಾಡಿ 0ಯಿಂದ 255ರೊಳಗೆ ಹಿಡಿದು ಆಮೇಲೆ ಆಸ್‌ಟೈಪ್ ಮಾಡುವುದು ಒಂದು. ಓಪನ್‌ಸಿವಿಯ ಕನ್ವರ್ಟ್‌ಸ್ಕೇಲ್‌ಆ್ಯಬ್ಸ್ ಬಳಸುವುದು ಇನ್ನೊಂದು. ಅದು ಗುಣಿಸುತ್ತದೆ, ಮಿತಿ ಮೀರಿದ್ದನ್ನು 255ಕ್ಕೇ ನಿಲ್ಲಿಸುತ್ತದೆ, ಯುಇಂಟ್8 ಆಗಿಯೇ ಕೊಡುತ್ತದೆ. ಆಲ್ಫಾ ಬೆಲೆ 255 ಭಾಗಿಸು 4000, ಅಂದರೆ 0.06375. ನಾನು ಇದನ್ನೇ ಇಟ್ಟುಕೊಂಡೆ. ಹಲವು ಉದಾಹರಣೆ ಕೋಡ್‌ಗಳಲ್ಲಿ ಆಲ್ಫಾ 0.03 ಎಂದು ಕಾಣುತ್ತದೆ. ಅದಕ್ಕೆ ಎಂಟೂವರೆ ಮೀಟರ್‌ಗೆ ಬಿಳಿ ಎಂದರ್ಥ. ಆ ಸಂಖ್ಯೆಯನ್ನು ಹಾಗೆಯೇ ತೆಗೆದುಕೊಳ್ಳುವ ಬದಲು ನಿಮ್ಮ ದೃಶ್ಯದ ದೂರದಿಂದ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು.

ಮಿನ್‌ಮ್ಯಾಕ್ಸ್ ಯಾಕೆ ಬೇಡ

ನಾರ್ಮಲೈಸ್ ಫಂಕ್ಷನ್‌ಗೆ ಮಿನ್‌ಮ್ಯಾಕ್ಸ್ (ಆ ಫ್ರೇಮ್‌ನ ಚಿಕ್ಕ ಬೆಲೆ, ದೊಡ್ಡ ಬೆಲೆ ಹುಡುಕಿ ನಡುವಿನದನ್ನು ಪೂರ್ತಿ ಹಿಗ್ಗಿಸುವುದು) ಹೇಳಿಬಿಟ್ಟರೆ ಆಯಿತಲ್ಲ ಎಂದು ಯಾರಿಗಾದರೂ ಅನಿಸುತ್ತದೆ. ಒಂದು ನಿಂತ ಚಿತ್ರಕ್ಕೆ ಅದು ಸರಿ. ಲೈವ್ ವೀಡಿಯೋಗೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಹಾಕಿ ನೋಡಿದರೆ ಚಿತ್ರ ಮಿಣುಕುತ್ತದೆ. ಕಾರಣ, ಪ್ರತಿ ಫ್ರೇಮ್‌ನಲ್ಲೂ ದೊಡ್ಡ ಬೆಲೆ ಬೇರೆ. ಡೆಪ್ತ್ ಕ್ಯಾಮೆರಾದಲ್ಲಿ ವಸ್ತುಗಳ ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ಹುಚ್ಚು ಬೆಲೆ ಕೊಡುವುದು ಮಾಮೂಲಿ. ಒಂದೇ ಒಂದು ಪಿಕ್ಸೆಲ್ 60000 ಎಂದರೆ ಸಾಕು, ಉಳಿದ ಇಡೀ ಕೋಣೆ 0ಯಿಂದ 15ರೊಳಗೆ ಅಮುಕಿಕೊಂಡು ಮತ್ತೆ ಕಪ್ಪಾಗುತ್ತದೆ. ಮುಂದಿನ ಫ್ರೇಮ್‌ನಲ್ಲಿ ಆ ಪಿಕ್ಸೆಲ್ ಹೋದರೆ ಚಿತ್ರ ಮತ್ತೆ ಬೆಳಗುತ್ತದೆ. ಚಿಕ್ಕ ಬೆಲೆ ಅಂತೂ ಯಾವಾಗಲೂ 0, ಏಕೆಂದರೆ ದೂರ ಸಿಗದ ಪಿಕ್ಸೆಲ್‌ಗಳು ಎಲ್ಲೋ ಇದ್ದೇ ಇರುತ್ತವೆ.

ಮಿಣುಕುವುದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಈ ಕ್ಷಣದ ಬೂದು ಬಣ್ಣಕ್ಕೂ ಮುಂದಿನ ಕ್ಷಣದ ಬೂದು ಬಣ್ಣಕ್ಕೂ ಅರ್ಥ ಬೇರೆಯಾಗುತ್ತದೆ. ನೋಡುವವರು ಬಣ್ಣ ನೋಡಿ ದೂರ ಊಹಿಸುವಂತಿಲ್ಲ. ಹಾಗಾಗಿ ಮಿತಿಯನ್ನು 300 ಮತ್ತು 4000 ಎಂದು ಕಟ್ಟಿಹಾಕಿದೆ. ಅದನ್ನು ಬದಲಿಸಲು ಎರಡು ಸ್ಲೈಡರ್ ಇಟ್ಟೆ. ಬದಲಾವಣೆ ಬೇಕಾದರೆ ನೋಡುವವರೇ ಮಾಡಲಿ, ಚಿತ್ರ ತಾನಾಗಿ ಮಾಡುವುದು ಬೇಡ. ಕೆಳಮಿತಿ ಬಂದದ್ದರಿಂದ ಕನ್ವರ್ಟ್‌ಸ್ಕೇಲ್‌ಆ್ಯಬ್ಸ್ ಒಂದರಿಂದಲೇ ಮುಗಿಯುವುದಿಲ್ಲ. ಕಳೆದಾಗ ಋಣ ಬೆಲೆ ಬಂದರೆ ಅದು ಚಿಹ್ನೆ ತೆಗೆದು ಧನ ಮಾಡಿಬಿಡುತ್ತದೆ. ಅದಕ್ಕೆ ಮೊದಲು ಡೆಪ್ತನ್ನು 300 ಮತ್ತು 4000ರ ನಡುವೆ ಕ್ಲಿಪ್ ಮಾಡಿ, 300 ಕಳೆದು, ಆಮೇಲೆ ಗುಣಿಸುವುದು. ಈ ಕ್ರಮ ತಪ್ಪಬಾರದು.

ಕಳೆಯುವ ವಿಷಯ ಬಂದದ್ದಕ್ಕೆ ಇದನ್ನೂ ಹೇಳಿಬಿಡುತ್ತೇನೆ. ವ್ಯೂವರ್‌ನಲ್ಲಿ ಎರಡು ಫ್ರೇಮ್‌ಗಳ ವ್ಯತ್ಯಾಸ ತೋರಿಸುವ ಒಂದು ಬಟನ್ ಇದೆ. ಯುಇಂಟ್16 ಅರೇಗಳನ್ನು ನೇರವಾಗಿ ಕಳೆದರೆ 1000 ಕಳೆ 1003 ಎಂಬುದು ಋಣ 3 ಆಗುವುದಿಲ್ಲ, 65533 ಆಗುತ್ತದೆ. ಪರದೆಯ ತುಂಬ ಬಿಳಿ ಚುಕ್ಕೆ ಎರಚಿದ ಹಾಗೆ. ಇಂಟ್32ಕ್ಕೆ ತಿರುಗಿಸಿ ಕಳೆದರೆ ಲೆಕ್ಕ ಸರಿ, ಆದರೆ ಈಗಿನ ಓಪನ್‌ಸಿವಿಯ ಇಮ್‌ಶೋ 32 ಬಿಟ್ ಪೂರ್ಣಾಂಕವನ್ನು ತೋರಿಸುವುದಿಲ್ಲ. ಹೇಗೆ ತೋರಿಸಬೇಕು ಎಂಬುದು ಅದಕ್ಕೆ ಗೊತ್ತಾಗುವುದಿಲ್ಲ, ನೀವೇ 8 ಬಿಟ್‌ಗೆ ತಂದು ಕೊಡಿ ಎನ್ನುತ್ತದೆ. ಅದು ಒಳ್ಳೆಯ ನಿರ್ಧಾರ ಎಂದೇ ನನ್ನ ಭಾವನೆ. ಚಿಹ್ನೆ ಬಿಟ್ಟು ವ್ಯತ್ಯಾಸ ಮಾತ್ರ ಕೊಡುವ ಓಪನ್‌ಸಿವಿಯ ಆ್ಯಬ್ಸ್‌ಡಿಫ್ ಬಳಸಿದರೆ ಈ ತಾಪತ್ರಯ ಇಲ್ಲ, ಅದು ಯುಇಂಟ್16 ಮೇಲೆಯೇ ಸರಿಯಾಗಿ ಕೆಲಸ ಮಾಡುತ್ತದೆ.

ಬಣ್ಣ, ಮತ್ತು ಯಾರಿಗೂ ಕಾಣದ ತಪ್ಪು

ಬೂದು ಚಿತ್ರಕ್ಕೆ ಅಪ್ಲೈಕಲರ್‌ಮ್ಯಾಪ್ ಹಾಕಿದರೆ ದೂರ ಬಣ್ಣವಾಗುತ್ತದೆ. ಎಲ್ಲರೂ ಹಾಕುವುದು ಜೆಟ್ ಎಂಬ ಬಣ್ಣದ ಪಟ್ಟಿ. ಕಡಿಮೆ ಬೆಲೆ ನೀಲಿ, ಜಾಸ್ತಿ ಬೆಲೆ ಕೆಂಪು.

ಇಡೀ ರಿಪೇರಿಯಲ್ಲಿ ನನ್ನನ್ನು ಹೆಚ್ಚು ನಿಲ್ಲಿಸಿ ಯೋಚಿಸುವಂತೆ ಮಾಡಿದ್ದು ಇದು. ಓಪನ್‌ಸಿವಿ ಬಣ್ಣಗಳನ್ನು ನೀಲಿ, ಹಸಿರು, ಕೆಂಪು ಎಂಬ ಕ್ರಮದಲ್ಲಿ ಇಡುತ್ತದೆ. ಮ್ಯಾಟ್‌ಪ್ಲಾಟ್‌ಲಿಬ್ ಕೆಂಪು, ಹಸಿರು, ನೀಲಿ ಎಂದು ಓದುತ್ತದೆ. ಕ್ಯೂಟಿಯ ಆರ್‌ಜಿಬಿ888 ಎಂಬ ಚಿತ್ರದ ಫಾರ್ಮ್ಯಾಟ್ ಕೂಡ ಹಾಗೆಯೇ. ಈ ವಿಷಯ ಬಹಳ ಜನಕ್ಕೆ ಗೊತ್ತು. ಮನುಷ್ಯರ ಮುಖ ಇರುವ ಫೋಟೋದಲ್ಲಿ ಕ್ರಮ ತಪ್ಪಿದರೆ ಮುಖ ನೀಲಿಯಾಗಿ ಕಾಣುತ್ತದೆ, ತಕ್ಷಣ ಗೊತ್ತಾಗುತ್ತದೆ.

ಡೆಪ್ತ್ ಚಿತ್ರದಲ್ಲಿ ಹಾಗಲ್ಲ. ಜೆಟ್ ಪಟ್ಟಿಯಲ್ಲಿ ಹಸಿರು ನಡುವಿನಲ್ಲಿದೆ, ಕೆಂಪು ಒಂದು ತುದಿ, ನೀಲಿ ಇನ್ನೊಂದು ತುದಿ. ಕೆಂಪು ಎಷ್ಟು ಏರುತ್ತದೋ ನೀಲಿ ಅಷ್ಟೇ ಇಳಿಯುವ ಹಾಗೆ ಎರಡೂ ಕನ್ನಡಿ ಬಿಂಬಗಳು. ಹಾಗಾಗಿ ಕೆಂಪು ನೀಲಿ ಅದಲು ಬದಲಾದರೆ ಸಿಗುವುದು ತಿರುಗುಮುರುಗು ಜೆಟ್. ಅದೂ ಅಷ್ಟೇ ಚೆಂದ, ಅಷ್ಟೇ ನಯ. ಯಾವ ಬಣ್ಣವೂ ವಿಚಿತ್ರವಾಗಿ ಕಾಣುವುದಿಲ್ಲ. ಹತ್ತಿರದ ಕುರ್ಚಿ ದೂರದಂತೆ, ದೂರದ ಗೋಡೆ ಹತ್ತಿರದಂತೆ ತೋರಿದರೂ ನೋಡಿದವರು "ಚೆನ್ನಾಗಿ ಬಂದಿದೆ" ಎಂದೇ ಹೇಳುತ್ತಾರೆ. ಕಣ್ಣಿಗೆ ಸಿಗದ ಬಗ್ ಇದು.

ನಾನು ಎರಡು ಬದಲಾವಣೆ ಮಾಡಿದೆ. ಜೆಟ್ ಬಿಟ್ಟು ಟರ್ಬೋಗೆ ಹೋದೆ. 2019ರಲ್ಲಿ ಗೂಗಲ್ ಹೊರತಂದ ಬಣ್ಣದ ಪಟ್ಟಿ ಅದು, ಓಪನ್‌ಸಿವಿಯಲ್ಲೂ ಇದೆ. ಜೆಟ್‌ನಲ್ಲಿ ಹಳದಿ ಮತ್ತು ಸಯಾನ್ ಬಣ್ಣಗಳ ಬಳಿ ಇಲ್ಲದ ಅಂಚುಗಳು ಇದ್ದ ಹಾಗೆ ಕಾಣುತ್ತವೆ. ಟರ್ಬೋದಲ್ಲಿ ಆ ಕಾಟ ಬಹಳ ಕಡಿಮೆ. ಆದರೆ ಕೆಂಪು ನೀಲಿ ಅದಲು ಬದಲಿನ ತೊಂದರೆ ಟರ್ಬೋದಲ್ಲೂ ಪೂರ್ತಿ ಹೋಗುವುದಿಲ್ಲ. ಅದಕ್ಕೇ ಎರಡನೆಯ ಬದಲಾವಣೆ: ಚಿತ್ರದ ಬಲ ಅಂಚಿನಲ್ಲಿ ಬಣ್ಣದ ಪಟ್ಟಿ, ಪಕ್ಕದಲ್ಲಿ ಮಿಲಿಮೀಟರ್ ಸಂಖ್ಯೆಗಳು. ಆ ಪಟ್ಟಿಯನ್ನು ಚಿತ್ರ ಹೋಗುವ ದಾರಿಯಲ್ಲೇ ಕಳಿಸಬಾರದು. ಅದೂ ಜೊತೆಯಲ್ಲೇ ತಿರುಗಿಬಿಟ್ಟರೆ ತಪ್ಪು ಗೊತ್ತಾಗುವುದೇ ಇಲ್ಲ. ಹಾಗಾಗಿ ಪಟ್ಟಿಯನ್ನು ಕ್ಯೂಟಿ ಕಡೆಯಿಂದ ಬೇರೆಯಾಗಿ ಬಿಡಿಸಿದೆ.

ಸೊನ್ನೆ ಪಿಕ್ಸೆಲ್‌ಗಳದ್ದು ಸಣ್ಣ ಕೆಲಸ. ದೂರ ಗೊತ್ತಿಲ್ಲ ಎಂಬುದೂ ಅತಿ ಹತ್ತಿರ ಎಂಬುದೂ ಒಂದೇ ಬಣ್ಣ ಪಡೆಯಬಾರದು, ಅಲ್ವಾ? ಬಣ್ಣ ಹಾಕಿದ ಮೇಲೆ ಮೂಲ ಡೆಪ್ತ್‌ನಲ್ಲಿ 0 ಇರುವ ಕಡೆಯೆಲ್ಲ ಕಪ್ಪು ಬಳಿದೆ. ಟರ್ಬೋದ ಕೆಳತುದಿ ಗಾಢ ಬಣ್ಣವಾದ್ದರಿಂದ ಬೂದು ಬಳಿದರೆ ಇನ್ನೂ ಸ್ಪಷ್ಟ ಎಂದು ಆಮೇಲೆ ಬೂದು ಮಾಡಿದೆ.

ಕ್ಯೂಟಿಗೆ ಬಂದಾಗ ಚಿತ್ರ ವಾಲಿತು

ಇಷ್ಟು ಹೊತ್ತು ಇಮ್‌ಶೋ ವಿಂಡೋದಲ್ಲೇ ಕೆಲಸ. ಇನ್ನು ಕ್ಯೂಟಿ. ಲಿನಕ್ಸ್‌ನಲ್ಲಿ ಪೈಕ್ಯೂಟಿ (ಪೈಥಾನ್‌ನಿಂದ ಕ್ಯೂಟಿ ಬಳಸುವ ಲೈಬ್ರರಿ) ಜೊತೆ ಓಪನ್‌ಸಿವಿ ಇಂಪೋರ್ಟ್ ಮಾಡಿದ ಕೂಡಲೇ ಎಕ್ಸ್‌ಸಿಬಿ (ಪರದೆಯ ಮೇಲೆ ವಿಂಡೋ ತೆರೆಯಲು ಕ್ಯೂಟಿ ಬಳಸುವ ತುಂಡು) ಪ್ಲಗಿನ್ ಸಿಕ್ಕಿದೆ ಆದರೆ ಲೋಡ್ ಆಗುತ್ತಿಲ್ಲ ಎಂಬ ಎರರ್ ಬಂದರೆ ಗಾಬರಿ ಬೇಡ. ಓಪನ್‌ಸಿವಿಯ ಮಾಮೂಲಿ ಪೈಥಾನ್ ಪ್ಯಾಕೇಜ್ ಲಿನಕ್ಸ್‌ನಲ್ಲಿ ತನ್ನದೇ ಕ್ಯೂಟಿ ತುಂಡುಗಳನ್ನು ಹೊತ್ತು ತರುತ್ತದೆ, ಅವು ಪೈಕ್ಯೂಟಿಯದಕ್ಕೆ ಡಿಕ್ಕಿ ಹೊಡೆಯುತ್ತವೆ. ಹೆಡ್‌ಲೆಸ್ ಎಂಬ ಹೆಸರಿನ ಪ್ಯಾಕೇಜ್ ಹಾಕಿಕೊಂಡರೆ ಈ ಜಗಳ ಇಲ್ಲ. ಅದರಲ್ಲಿ ಇಮ್‌ಶೋ ಇರುವುದಿಲ್ಲ, ಕ್ಯೂಟಿ ಇರುವಾಗ ಅದು ಬೇಕೂ ಇಲ್ಲ. ಒಂದು ಎಚ್ಚರಿಕೆ: ಓಪನ್‌ಸಿವಿಯ ಈ ಪ್ಯಾಕೇಜ್‌ಗಳೆಲ್ಲ ಒಂದೇ ಫೋಲ್ಡರ್ ಹೆಸರಿನಲ್ಲಿ ಕೂರುತ್ತವೆ. ಎರಡು ಒಟ್ಟಿಗೆ ಇರಬಾರದು. ಎಲ್ಲವನ್ನೂ ತೆಗೆದು ಒಂದನ್ನೇ ಹಾಕಬೇಕು. ಗೆಟ್‌ಬಿಲ್ಡ್‌ಇನ್ಫರ್ಮೇಶನ್ ಪ್ರಿಂಟ್ ಮಾಡಿದರೆ ಅದರ ಜಿಯುಐ (ವಿಂಡೋಗಳ ವಿವರ ಇರುವ) ಭಾಗದಲ್ಲಿ ಈಗ ಯಾವುದು ಸಿಕ್ಕಿದೆ ಎಂದು ಗೊತ್ತಾಗುತ್ತದೆ.

ವಾಲಿದ ಕಥೆಗೆ ಬರೋಣ. ಸ್ಟೀರಿಯೋ ಡೆಪ್ತ್ ಕ್ಯಾಮೆರಾದಲ್ಲಿ ಚಿತ್ರದ ಒಂದು ಅಂಚಿನಲ್ಲಿ ದೂರ ಸಿಗದ ಪಟ್ಟಿ ಇರುತ್ತದೆ, ಏಕೆಂದರೆ ಆ ಜಾಗ ಎರಡು ಕಣ್ಣುಗಳಲ್ಲಿ ಒಂದಕ್ಕೆ ಮಾತ್ರ ಕಾಣುತ್ತದೆ. ಅದನ್ನು ಕತ್ತರಿಸಲು ಒಂದು ಸ್ಲೈಡರ್ ಇದೆ. ಅಗಲ 640 ಇದ್ದಾಗ ಚಿತ್ರ ಸರಿ. 600 ಮಾಡಿದರೂ ಸರಿ. 597 ಮಾಡಿದರೆ ಇಡೀ ಚಿತ್ರ ಕಾಗದದ ಕಟ್ಟನ್ನು ಪಕ್ಕಕ್ಕೆ ತಳ್ಳಿದ ಹಾಗೆ ಓರೆಯಾಗಿ ವಾಲುತ್ತದೆ, ಬಣ್ಣಗಳೂ ಸಾಲು ಸಾಲಾಗಿ ಕಲಸಿಹೋಗುತ್ತವೆ. ಕೆಲವೊಮ್ಮೆ ಪ್ರೋಗ್ರಾಮೇ ಬಿದ್ದುಹೋಗುತ್ತದೆ.

ಕೆಲವು ಅಗಲಕ್ಕೆ ಸರಿ, ಕೆಲವಕ್ಕೆ ಇಲ್ಲ ಎಂದರೆ ಸಂಖ್ಯೆಯಲ್ಲೇ ಗುಟ್ಟಿದೆ. 640 ಮತ್ತು 600 ನಾಲ್ಕರಿಂದ ಭಾಗವಾಗುತ್ತವೆ, 597 ಆಗುವುದಿಲ್ಲ. ಕ್ಯೂಟಿಯಲ್ಲಿ ಚಿತ್ರವನ್ನು ಹಿಡಿದಿಡುವ ಕ್ಯೂಇಮೇಜ್‌ಗೆ ಡೇಟಾ, ಅಗಲ, ಎತ್ತರ, ಫಾರ್ಮ್ಯಾಟ್ ಮಾತ್ರ ಕೊಟ್ಟರೆ, ಪ್ರತಿ ಸಾಲೂ 4 ಬೈಟ್‌ನ ಗಡಿಯಲ್ಲಿ ಶುರುವಾಗುತ್ತದೆ ಎಂದು ಅದು ಊಹಿಸುತ್ತದೆ. 597 ಪಿಕ್ಸೆಲ್, ಒಂದಕ್ಕೆ 3 ಬೈಟ್, ಒಟ್ಟು 1791. ಕ್ಯೂಟಿ ಊಹಿಸುವುದು 1792. ಅರೇಯಲ್ಲಿ ಆ ಹೆಚ್ಚುವರಿ ಬೈಟ್ ಇಲ್ಲ. ಹಾಗಾಗಿ ಪ್ರತಿ ಸಾಲನ್ನೂ ಹಿಂದಿನದಕ್ಕಿಂತ ಒಂದು ಬೈಟ್ ಮುಂದಿನಿಂದ ಓದುತ್ತದೆ. 480 ಸಾಲು ಮುಗಿಯುವ ಹೊತ್ತಿಗೆ 479 ಬೈಟ್ ಜಾರಿರುತ್ತದೆ, ಅಂದರೆ ಸುಮಾರು 160 ಪಿಕ್ಸೆಲ್. ಒಂದು ಬೈಟ್ ಜಾರಿದರೆ ನೀಲಿಯ ಜಾಗದಲ್ಲಿ ಹಸಿರು ಬರುತ್ತದೆ, ಇನ್ನೊಂದು ಜಾರಿದರೆ ಕೆಂಪು. ಮೂರು ಸಾಲಿಗೊಮ್ಮೆ ಬಣ್ಣ ತನ್ನ ಜಾಗಕ್ಕೆ ಮರಳುತ್ತದೆ. ಬಣ್ಣ ಕಲಸಿದ್ದು ಇದಕ್ಕೆ. ಕೊನೆಯ ಸಾಲಿನಲ್ಲಿ ಅರೇ ಮುಗಿದ ಮೇಲೂ ಓದುತ್ತಾ ಹೋಗುತ್ತದೆ, ಪ್ರೋಗ್ರಾಮ್ ಬೀಳುವುದು ಅದಕ್ಕೆ. ಮೂರು ಬೇರೆ ಬೇರೆ ತೊಂದರೆಗಳಂತೆ ಕಂಡವೆಲ್ಲ ಒಂದೇ ಬೈಟಿನ ಕೆಲಸ.

ಈ 4 ಬೈಟ್ ನಿಯಮ ಹೊಸದೇನಲ್ಲ. ವಿಂಡೋಸ್‌ನ ಬಿಎಂಪಿ ಫೈಲ್‌ನಲ್ಲೂ ಪ್ರತಿ ಸಾಲು 4 ಬೈಟ್‌ಗೆ ತುಂಬಿಸಿಯೇ ಇರುತ್ತದೆ, 24 ಬಿಟ್ ಚಿತ್ರದಲ್ಲಿ ಬಣ್ಣದ ಕ್ರಮವೂ ನೀಲಿ, ಹಸಿರು, ಕೆಂಪು.

ರಿಪೇರಿ: ಕ್ಯೂಇಮೇಜ್‌ಗೆ ಬೈಟ್ಸ್‌ಪರ್‌ಲೈನ್ ಎಂಬ ಆರ್ಗ್ಯುಮೆಂಟನ್ನೂ ಕೊಡಬೇಕು. ಅದರ ಬೆಲೆಯನ್ನು ಕೈಯಿಂದ ಲೆಕ್ಕ ಹಾಕಬಾರದು. ಅರೇಯ ಸ್ಟ್ರೈಡ್ಸ್‌ನ ಮೊದಲ ಸಂಖ್ಯೆಯೇ ಅದು. ಕತ್ತರಿಸುವುದನ್ನು ಬಣ್ಣ ಹಾಕಿದ ಮೇಲೆ ಮಾಡಿದ್ದರೆ ಇನ್ನೊಂದು ತಿರುವು ಇತ್ತು. ನಮ್‌ಪೈ ಸ್ಲೈಸ್ ಹೊಸ ಅರೇ ಮಾಡುವುದಿಲ್ಲ, ಹಳೆಯದರ ಮೇಲೊಂದು ಕಿಟಕಿ ತೆರೆಯುತ್ತದೆ. ಆಗ ಅಗಲ 597 ಆದರೂ ಸ್ಟ್ರೈಡ್ 1920 ಆಗಿಯೇ ಉಳಿಯುತ್ತದೆ. ಅದಕ್ಕೆ ಅಸ್‌ಕಂಟಿಗ್ಯುವಸ್‌ಅರೇ ಫಂಕ್ಷನ್‌ನಿಂದ ಒಂದೇ ಸಾಲಾಗಿ ಜೋಡಿಸಿ ಆಮೇಲೆ ಕ್ಯೂಟಿಗೆ ಕೊಡುತ್ತೇನೆ. ಆರಂಭದಲ್ಲೇ ಸ್ಟ್ರೈಡ್ಸ್ ಪ್ರಿಂಟ್ ಮಾಡಿಸಿದ್ದು ಇಲ್ಲಿ ಬಹಳ ಸಹಾಯವಾಯಿತು.

ಬಣ್ಣದ ಕ್ರಮಕ್ಕೆ, ಕ್ಯೂಟಿ 5.14ರಿಂದ ಬಿಜಿಆರ್888 ಎಂಬ ಫಾರ್ಮ್ಯಾಟೇ ಇದೆ, ಅದನ್ನು ಹೇಳಿದರೆ ಆಯಿತು. ಹಳೆಯದಾದರೆ ಸಿವಿಟಿಕಲರ್ ಬಳಸಿ ತಿರುಗಿಸಬೇಕು. ಅರೇಯ ಕೊನೆಯ ಆಯಾಮವನ್ನು ನಮ್‌ಪೈಯಲ್ಲಿ ಹಿಂದುಮುಂದು ಮಾಡುವ ಚುಟುಕು ದಾರಿ ಬೇಡ. ಅದು ಸ್ಟ್ರೈಡನ್ನು ಋಣ ಮಾಡುತ್ತದೆ. ಅಂಥ ಅರೇ ಮೇಲೆ ಚೌಕ ಬಿಡಿಸಲು ಹೋದರೆ ಲೇಔಟ್ ಹೊಂದುವುದಿಲ್ಲ ಎಂದು ಓಪನ್‌ಸಿವಿ ನಿಂತುಬಿಡುತ್ತದೆ.

ಇನ್ನೊಂದು ಮುಖ್ಯ ವಿಷಯ. ಕ್ಯೂಇಮೇಜ್ ಹೊರಗಿನ ಬಫರ್‌ನಿಂದ ಮಾಡಿದಾಗ ಡೇಟಾದ ನಕಲು ಮಾಡಿಕೊಳ್ಳುವುದಿಲ್ಲ. ಮೂಲ ಅರೇ ಬದುಕಿರುವವರೆಗೆ ಮಾತ್ರ ಅದು ಸರಿ. ಕ್ಯಾಮೆರಾ ಥ್ರೆಡ್ (ಕ್ಯಾಮೆರಾ ಓದಲು ಪಕ್ಕದಲ್ಲೇ ಓಡುವ ಕೆಲಸ) ಮುಂದಿನ ಫ್ರೇಮನ್ನು ಅದೇ ಮೆಮೊರಿಗೆ ಬರೆದರೆ ಅರ್ಧ ಹಳೆಯದು, ಅರ್ಧ ಹೊಸದು ಕಾಣುತ್ತದೆ. ಕ್ಯಾಮೆರಾ ಥ್ರೆಡ್‌ನಿಂದ ಸಿಗ್ನಲ್ (ಕ್ಯೂಟಿಯ ಸಂದೇಶ) ಮೂಲಕ ಕಳಿಸುವ ಮುನ್ನ ಕಾಪಿ ಮಾಡಿದೆ. ಕ್ಯೂಪಿಕ್ಸ್‌ಮ್ಯಾಪ್ (ಪರದೆಗೆ ಬಿಡಿಸುವ ಚಿತ್ರ) ಮಾಡುವುದನ್ನು ಮುಖ್ಯ ಥ್ರೆಡ್‌ಗೇ ಬಿಟ್ಟೆ. ಈ ಅಳತೆಯ ಚಿತ್ರಕ್ಕೆ ಒಂದು ಕಾಪಿ ಒಂದು ಮೆಗಾಬೈಟ್‌ಗೂ ಕಡಿಮೆ, ಅಲ್ಲಿ ಉಳಿಸಲು ಹೋಗುವುದರಲ್ಲಿ ಅರ್ಥವಿಲ್ಲ.

ಪರೀಕ್ಷೆಗೆ ಒಂದು ನಕಲಿ ಫ್ರೇಮ್

ಕುರ್ಚಿ ಮೇಜು ನೋಡಿ ಚಿತ್ರ ಸರಿ ಎಂದು ಹೇಳಲಾಗದು ಎಂಬುದು ಜೆಟ್ ಪ್ರಕರಣದಲ್ಲೇ ಗೊತ್ತಾಯಿತು. ಅದಕ್ಕೆ ಉತ್ತರ ಮೊದಲೇ ಗೊತ್ತಿರುವ ಒಂದು ಫ್ರೇಮ್ ಕಟ್ಟಿದೆ. ಅಗಲ ಬೇಕೆಂದೇ 637, ಎತ್ತರ 480, ಯುಇಂಟ್16. ಎಡದಿಂದ ಬಲಕ್ಕೆ ಬೆಲೆ 0ಯಿಂದ 5000ದವರೆಗೆ ಸಮವಾಗಿ ಏರುತ್ತದೆ. ಮೇಲಿನ ಎಡ ಮೂಲೆಯಲ್ಲಿ ಒಂದು ಚೌಕಕ್ಕೆ 2000. ನಡುವೆ ಒಂದು ಚೌಕ ಪೂರ್ತಿ ಸೊನ್ನೆ. ಎಲ್ಲೋ ಒಂದು ಪಿಕ್ಸೆಲ್‌ಗೆ 60000. ನಡುವಿನ ಕಾಲಂನಲ್ಲಿ ಮೇಲಿನಿಂದ ಕೆಳಗೆ ಒಂದು ನೇರ ಗೆರೆ.

ಇದನ್ನು ವ್ಯೂವರ್‌ಗೆ ಕೊಟ್ಟರೆ ಪ್ರತಿ ಬಗ್ಗೂ ಬೇರೆ ಗುರುತು ಸಿಗುತ್ತದೆ. 4000 ದಾಟಿದ ಮೇಲೆ ಬಣ್ಣ ಮತ್ತೆ ಕೆಳತುದಿಗೆ ಬಂದರೆ ಸುತ್ತು ಹೊಡೆದಿದೆ. ನೇರ ಗೆರೆ ಓರೆಯಾದರೆ ಸ್ಟ್ರೈಡ್ ತಪ್ಪಿದೆ. ಬಲ ತುದಿ ನೀಲಿಯಾದರೆ ಚಾನೆಲ್ ಅದಲು ಬದಲು. ಚೌಕ ಬೇರೆ ಮೂಲೆಯಲ್ಲಿದ್ದರೆ ಚಿತ್ರ ತಿರುಗಿದೆ. ಏರುವ ಬೆಲೆಗಳೆಲ್ಲ ಪಟ್ಟಿಯ ಕೆಳತುದಿಯ ಬಣ್ಣಗಳಿಗೇ ಅಮುಕಿಕೊಂಡರೆ 60000 ಕೆಲಸ ಮಾಡಿದೆ, ಅಂದರೆ ಯಾರೋ ಮತ್ತೆ ಮಿನ್‌ಮ್ಯಾಕ್ಸ್ ಹಾಕಿದ್ದಾರೆ. ಕೋಡ್ ಬದಲಿಸಿದಾಗಲೆಲ್ಲ ಕ್ಯಾಮೆರಾ ಹಚ್ಚುವ ಮುನ್ನ ಈ ಫ್ರೇಮ್ ಓಡುತ್ತದೆ.

ಮೌಸ್ ಇಟ್ಟ ಕಡೆ ಎಷ್ಟು ಮಿಲಿಮೀಟರ್

ಕೊನೆಯ ಭಾಗ. ಮೌಸ್ ಇಟ್ಟ ಪಿಕ್ಸೆಲ್‌ನ ದೂರವನ್ನು ಕೆಳಗೆ ಬರೆಯಬೇಕು. ಇದನ್ನು ಬಣ್ಣದ ಚಿತ್ರದಿಂದ ತೆಗೆಯಬಾರದು, ಮೂಲ ಯುಇಂಟ್16 ಫ್ರೇಮ್‌ನಿಂದಲೇ ತೆಗೆಯಬೇಕು. ಅದಕ್ಕೇ ಸಿಗ್ನಲ್‌ನಲ್ಲಿ ಬಣ್ಣದ ಚಿತ್ರದ ಜೊತೆ ಮೂಲವೂ ಹೋಗುತ್ತದೆ. ಮೌಸ್ ಎಕ್ಸ್, ವೈ ಎಂದು ಕೊಡುತ್ತದೆ, ಅರೇ ಕೇಳುವುದು ಮೊದಲು ಸಾಲು, ಆಮೇಲೆ ಕಾಲಂ. ಅಂದರೆ ವೈ, ಎಕ್ಸ್. ಕತ್ತರಿಸಿದ ಅಂಚಿನಷ್ಟು ಎಕ್ಸ್‌ಗೆ ಕೂಡಿಸಬೇಕು.

ವಿಂಡೋ ದೊಡ್ಡದು ಮಾಡಿದಾಗ ಬಣ್ಣದ ಚಿತ್ರವನ್ನು ಹೇಗೆ ಬೇಕಾದರೂ ಹಿಗ್ಗಿಸಬಹುದು. ಡೆಪ್ತನ್ನು ಮಾತ್ರ ಲೀನಿಯರ್ ಆಗಿ (ಅಕ್ಕಪಕ್ಕದ ಬೆಲೆಗಳ ನಡುವಿನದನ್ನು ತುಂಬಿ) ಹಿಗ್ಗಿಸಬೇಡಿ. 800 ಮಿಲಿಮೀಟರ್‌ನ ಕುರ್ಚಿಗೂ 3000 ಮಿಲಿಮೀಟರ್‌ನ ಗೋಡೆಗೂ ನಡುವಿನ ಅಂಚಿನಲ್ಲಿ 1900 ಎಂಬ ದೂರ ಹುಟ್ಟಿಕೊಳ್ಳುತ್ತದೆ, ಅಲ್ಲಿ ಯಾವ ವಸ್ತುವೂ ಇಲ್ಲ. ಸೊನ್ನೆಯ ಪಕ್ಕದಲ್ಲಂತೂ ಇನ್ನೂ ಕೆಟ್ಟದು. ಹಿಗ್ಗಿಸಲೇಬೇಕಾದರೆ ಹತ್ತಿರದ ಪಿಕ್ಸೆಲ್‌ನ ಬೆಲೆಯನ್ನೇ ಕೊಡುವ ಇಂಟರ್ ನಿಯರೆಸ್ಟ್ ಬಳಸಿ. ನಾನು ಡೆಪ್ತನ್ನು ಹಿಗ್ಗಿಸುವುದೇ ಇಲ್ಲ, ಮೌಸ್‌ನ ಜಾಗವನ್ನು ಮೂಲ ಅಳತೆಗೆ ಇಳಿಸಿ ಓದುತ್ತೇನೆ.

ರೆಕಾರ್ಡ್ ಬಟನ್ ಬಣ್ಣದ ವೀಡಿಯೋ ಮತ್ತು 16 ಬಿಟ್ ಪಿಎನ್‌ಜಿ ಎರಡನ್ನೂ ಬರೆಯುತ್ತದೆ. ವೀಡಿಯೋ ಇರುವುದು ಯಾರಿಗಾದರೂ ತೋರಿಸಲು. ಅಳೆಯುವುದು ಪಿಎನ್‌ಜಿಯಿಂದ, ಅದೂ ಅನ್‌ಚೇಂಜ್ಡ್ ಫ್ಲ್ಯಾಗ್ ಜೊತೆ ತೆರೆದು.